ಕಾಯುವವಳ ನಾಲ್ಕು ಸಾಲು

ಆ ವರ್ಷದ ಮಾಜಿ ಸೈನಿಕರ ದಿನಕ್ಕೆ ಮಿಷಿಗನ್ನಿನ ನಮ್ಮ ನೋವೈ ಊರಿನ ಗಾಯನ ತಂಡ ಎರಡನೇ ಮಹಾಯುದ್ಧದ ಕಾಲದ ಅಮೆರಿಕನ್ ಹಾಡುಗಳನ್ನು ಆರಿಸಿಕೊಂಡಿತು. ತಂಡದಲ್ಲಿ ಮೂವತ್ತು ಜನ. ಅವರಲ್ಲಿ ಕನ್ನಡಕ್ಕೆ ಮಾತ್ರವಲ್ಲ, ಇಡೀ ಭಾರತದ ಲೆಕ್ಕಕ್ಕೂ ನಾನೊಬ್ಬಳೇ. ನಾನು ಸೇರಿದ್ದು ಸಂಗೀತದ ಹುಚ್ಚಿನಿಂದ ಏನಲ್ಲ. ವಾರದ ದಿನಗಳಲ್ಲಿ ಗಂಡ ಊರಲ್ಲಿರುತ್ತಿರಲಿಲ್ಲ, ಮಗಳು ಸ್ಕೂಲಿನಿಂದ ಬಂದವಳೇ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಮನುಷ್ಯರ ನಡುವೆ ಬಾಯಿ ತೆರೆಯುವುದಕ್ಕೆ ನನಗೊಂದು ಜಾಗ ಬೇಕಿತ್ತು.

ಗಂಡನ ವಿಷಯ ಮೊದಲೇ ಹೇಳಿಬಿಡುತ್ತೇನೆ. ಅದಕ್ಕೆ ಮೂರು ವರ್ಷ ಮುಂಚೆ ಅವರ ಕಂಪನಿ ಇಲ್ಲಿನ ಕಚೇರಿಯನ್ನು ಸಣ್ಣದು ಮಾಡಿತು. ಕೆಲಸ ಉಳಿಯಬೇಕಾದರೆ ಶಿಕಾಗೋ ಪಕ್ಕದ ಲೈಲ್‌ಗೆ ಹೋಗಬೇಕಿತ್ತು. ನಮ್ಮ ಮನೆಯಿಂದ ಸುಮಾರು ಇನ್ನೂರೆಂಬತ್ತು ಮೈಲಿ. ಮಗಳಿಗೆ ಆಗಷ್ಟೇ ಹೈಸ್ಕೂಲು ಶುರುವಾಗಿತ್ತು, ನನಗೆ ಸ್ಟರ್ಲಿಂಗ್ ಹೈಟ್ಸ್‌ನ ಕಾರು ಕಾರ್ಖಾನೆಯಲ್ಲಿ ವೆಲ್ಡಿಂಗ್ ಗುಣಮಟ್ಟ ನೋಡುವ ಕೆಲಸವಿತ್ತು. ಅವರು ಅಲ್ಲೊಂದು ಅಪಾರ್ಟ್‌ಮೆಂಟ್ ಹಿಡಿದರು, ನಾವಿಬ್ಬರು ಇಲ್ಲೇ ಉಳಿದೆವು. ಶುಕ್ರವಾರ ಬಂದು ಭಾನುವಾರ ಮಧ್ಯಾಹ್ನ ಹೊರಡುತ್ತಿದ್ದರು. “ಒಂದೆರಡು ವರ್ಷ ಅಷ್ಟೇ. ಮಿಷಿಗನ್ನಲ್ಲಿ ಓಪನಿಂಗ್ ಬಂದ ತಕ್ಷಣ ವಾಪಸ್ ಬಂದ್ಬಿಡ್ತೀನಿ” ಅಂದಿದ್ದರು.

ಅದೇ ಚಳಿಗಾಲದಲ್ಲಿ ಕಾರ್ಖಾನೆಯವರು ನನ್ನನ್ನು ಒಂದು ತಂಡದ ಮುಖ್ಯಸ್ಥೆಯನ್ನಾಗಿ ಮಾಡುತ್ತೇವೆಂದರು. ಬೆಳಗ್ಗೆ ಐದೂವರೆಗೆಲ್ಲ ಲೈನಿನಲ್ಲಿ ಇರಬೇಕಿತ್ತು. ಮಗಳನ್ನು ಸ್ಕೂಲಿಗೆ ಬಿಡುವವರು ಯಾರು? ಬೇಡ ಅಂದೆ. ಗಂಡ ಅಲ್ಲಿ ಒಂಟಿಯಾಗಿ ಒದ್ದಾಡುತ್ತಿದ್ದಾರೆ, ನಾನು ಇಷ್ಟಾದರೂ ಮಾಡದಿದ್ದರೆ ಹೇಗೆ ಎಂದು ಸಮಾಧಾನ ಹೇಳಿಕೊಂಡೆ. ಸಮಾಧಾನದ ಜೊತೆ ಸ್ವಲ್ಪ ಹೆಮ್ಮೆಯೂ ಇತ್ತು, ಸುಳ್ಳೇಕೆ ಹೇಳಲಿ.

ಇಂಥ ಹೆಮ್ಮೆ ತುಂಬಿಕೊಂಡವಳ ಕೈಗೆ ಆ ಹಾಡುಗಳು ಸಿಕ್ಕವು. ಅವುಗಳಲ್ಲಿ ಮುಕ್ಕಾಲು ಪಾಲು ಯುದ್ಧಕ್ಕೆ ಹೋದವನಿಗಾಗಿ ಕಾಯುವವಳ ಹಾಡುಗಳೇ. ಅವಳು ದೀಪ ಆರಿಸುವುದಿಲ್ಲ, ಇನ್ನೊಬ್ಬರ ಜೊತೆ ಕುಣಿಯುವುದಿಲ್ಲ, ಅವನ ಪತ್ರವನ್ನು ದಿಂಬಿನ ಕೆಳಗೆ ಇಟ್ಟುಕೊಳ್ಳುತ್ತಾಳೆ. ತಂಡದ ಬೇರೆಯವರು ಇದೆಲ್ಲ ಎಷ್ಟು ಹಳೆಯದು ಎಂದು ನಗುತ್ತಿದ್ದರು. ನನಗೆ ಅವಳು ಹೊಸಬಳೇ ಅಲ್ಲ. ಮೈಸೂರಿನಲ್ಲಿ ಹುಡುಗಿಯಾಗಿದ್ದಾಗ ಸುಗಮ ಸಂಗೀತದ ಕ್ಲಾಸಿಗೆ ಹೋಗಿ ಆರು ವರ್ಷ ಹಾಡಿದ್ದು ಅವಳನ್ನೇ. ನಮ್ಮ ವಿರಹಿಣಿ ಇಲ್ಲಿ ಸೀರೆ ಬಿಟ್ಟು ಫ್ರಾಕ್ ತೊಟ್ಟಿದ್ದಳು, ಅಷ್ಟೇ ವ್ಯತ್ಯಾಸ.

ತಂಡವನ್ನು ನಡೆಸುತ್ತಿದ್ದವರು ಎಪ್ಪತ್ತು ದಾಟಿದ, ನಿವೃತ್ತ ಸಂಗೀತದ ಟೀಚರ್. ಒಂದು ಹಾಡಿನ ನಡುವೆ ಒಬ್ಬಳೇ ಹಾಡಬೇಕಾದ ನಾಲ್ಕು ಸಾಲುಗಳಿದ್ದವು. ನೀನು ಎಷ್ಟು ವರ್ಷ ಬೇಕಾದರೂ ತಡ ಮಾಡು, ನಾನು ಇದೇ ಬಾಗಿಲಲ್ಲಿ ಇರುತ್ತೇನೆ ಎಂಬ ಅರ್ಥದವು. ಟೀಚರ್ ನಾಲ್ಕು ಜನರಿಂದ ಹಾಡಿಸಿ ನೋಡಿ ನನಗೆ ಕೊಟ್ಟರು. ಉಳಿದವರು ಸ್ವರ ಹಾಡುತ್ತಿದ್ದಾರೆ, ನೀನೊಬ್ಬಳು ನಿಜ ಹೇಳುತ್ತಿದ್ದೀಯ ಎಂದು ಎಲ್ಲರ ಎದುರಿಗೇ ಅಂದರು. ಅವತ್ತು ಮನೆ ತಲುಪುವವರೆಗೂ ನೆಲದ ಮೇಲೆ ನನ್ನ ಕಾಲು ನಿಲ್ಲಲಿಲ್ಲ.

ಕಾರಿನಲ್ಲಿ ಅಭ್ಯಾಸ ಮಾಡುತ್ತಿದ್ದೆ. ಪಕ್ಕದಲ್ಲಿ ಕೂತ ಮಗಳು ಒಂದು ದಿನ ಕಿವಿಯಿಂದ ಇಯರ್‌ಫೋನ್ ತೆಗೆದು, “ಅಮ್ಮಾ, ದಿಸ್ ಸಾಂಗ್ ಈಸ್ ಕೈಂಡಾ ಕ್ರೀಪಿ. ಎವ್ರಿಬಡಿ ಈಸ್ ಚೆಕಿಂಗ್ ಆನ್ ಹರ್. ಹೂ ಈಸ್ ಚೆಕಿಂಗ್ ಆನ್ ಹಿಮ್?” ಎಂದಳು.

“ಯುದ್ಧಕ್ಕೆ ಹೋದವನನ್ನ ಯಾರೇ ಚೆಕ್ ಮಾಡ್ತಾರೆ? ಅವನೇನು ಇಷ್ಟಪಟ್ಟು ಹೋಗಿದಾನಾ? ಬಿಟ್ರೆ ನಾಳೇನೇ ಓಡಿ ಬರ್ತಾನೆ” ಎಂದೆ.

“ಓಕೆ” ಎಂದು ಇಯರ್‌ಫೋನ್ ಮತ್ತೆ ಕಿವಿಗೆ ಸಿಕ್ಕಿಸಿಕೊಂಡಳು. ಈ ಕಾಲದ ಮಕ್ಕಳಿಗೆ ಕಾಯುವುದರ ಬೆಲೆ ಗೊತ್ತಿಲ್ಲ ಎಂದು ನಾನು ಮುಖ ಊದಿಸಿಕೊಂಡು ಡ್ರೈವ್ ಮಾಡಿದೆ.

ಅಕ್ಟೋಬರಿನಲ್ಲಿ ಗಂಡನ ಸಹೋದ್ಯೋಗಿಯೊಬ್ಬರು ಲೈಲ್‌ನಲ್ಲಿ ಹೊಸ ಮನೆ ಕೊಂಡು ಸತ್ಯನಾರಾಯಣ ಪೂಜೆ ಇಟ್ಟುಕೊಂಡರು. ಆ ವಾರ ಗಂಡ ಬರುವ ಬದಲು ನಾನೂ ಮಗಳೂ ಅಲ್ಲಿಗೆ ಹೋದೆವು. ಸಹೋದ್ಯೋಗಿಯ ಹೆಂಡತಿ ಧಾರವಾಡದ ಕಡೆಯವರು, ಮನಸ್ಸಿನಲ್ಲಿ ಏನನ್ನೂ ಇಟ್ಟುಕೊಳ್ಳುವವರಲ್ಲ. ಊಟವಾದ ಮೇಲೆ ಅಡುಗೆಮನೆಯಲ್ಲಿ ನಾನು ಅವರ ಜೊತೆ ನಿಂತು ಪ್ರಸಾದವನ್ನು ಡಬ್ಬಿಗೆ ತುಂಬುತ್ತಿದ್ದೆ.

“ಅಲ್ರೀ, ಒಂದು ಕೇಳ್ತೀನಿ, ತಪ್ಪು ತಿಳೀಬ್ಯಾಡ್ರಿ” ಎಂದರು. “ಹ್ವಾದ ವರ್ಷ ದೀಪಾವಳಿ ಮುಂದ ಮಿಷಿಗನ್ ಆಫೀಸಿನಾಗ ಜಾಗ ಖಾಲಿ ಆಗಿತ್ತಲ್ಲ, ನಿಮ್ಮ ಮನಿಯವ್ರನ್ನೇ ಮೊದಲ ಕೇಳಿದ್ರಂತ. ಅವರು ಒಲ್ಲೆ ಅಂದ್ರಂತ. ನಮಗ ಭಾಳ ಆಶ್ಚರ್ಯ ಆತು ನೋಡ್ರಿ. ನಿಮಗೂ ಹಿಂಗ ಇರೋದು ರೂಢಿ ಆಗೇದ ಏನು?”

“ಹೂಂ, ಅಭ್ಯಾಸ ಆಗ್ಬಿಟ್ಟಿದೆ” ಎಂದೆ. ಡಬ್ಬಿಯ ಮುಚ್ಚಳ ಎಷ್ಟು ಒತ್ತಿದರೂ ಕೂರಲಿಲ್ಲ. ಅವರೇ ತೆಗೆದುಕೊಂಡು ಮುಚ್ಚಿದರು.

ಸಂಜೆ ಅಪಾರ್ಟ್‌ಮೆಂಟಿನಲ್ಲಿ ಮಗಳು ಒಳಗಿದ್ದಾಗ ಗಂಡನನ್ನು ಕೇಳಿದೆ. ಅವರು ಇಲ್ಲ ಅನ್ನಲಿಲ್ಲ. ಇಲ್ಲ ಅಂದಿದ್ದರೆ ನಂಬಿಬಿಡುತ್ತಿದ್ದೆನೇನೋ.

“ಹೇಳ್ಬೇಕು ಅಂತಾನೇ ಇದ್ದೆ” ಎಂದರು. “ಇಲ್ಲಿ ಸ್ವಲ್ಪ ಪೀಸ್ ಇದೆ ಕಣೆ. ಕೆಲಸ ಮುಗಿಸಿ ಬರ್ತೀನಿ, ವಾಕ್ ಹೋಗ್ತೀನಿ, ಓದ್ಕೋತೀನಿ. ಅಲ್ಲಿಗೆ ಬಂದ್ರೆ ಸ್ಕೂಲು, ಡ್ರಾಪು, ಲಾನು, ಮತ್ತೆ ಅದೇ ಗಲಾಟೆ. ನೀನೂ ಚೆನ್ನಾಗೇ ಮ್ಯಾನೇಜ್ ಮಾಡ್ತಿದ್ಯಲ್ಲ.”

ಕಿಟಕಿಯ ಹತ್ತಿರ ಒಂದು ಆರಾಮ ಕುರ್ಚಿ ಇತ್ತು, ಅದರ ಪಕ್ಕ ಓದುವ ದೀಪ, ಒಂದು ಚಿಕ್ಕ ಗಿಡ. ನಮ್ಮ ಮನೆಯ ಗಿಡಗಳಿಗೆ ಒಂದು ಲೋಟ ನೀರು ಹಾಕದ ಮನುಷ್ಯ ಇದನ್ನು ಚೆನ್ನಾಗಿ ಸಾಕಿದ್ದರು. ಇನ್ನೊಬ್ಬಳು ಹೆಂಗಸು ಇದ್ದಿದ್ದರೆ ಅವಳನ್ನು ಬೈದಾದರೂ ಹೊಟ್ಟೆ ತಣ್ಣಗೆ ಮಾಡಿಕೊಳ್ಳಬಹುದಿತ್ತು. ಕುರ್ಚಿಯನ್ನು ಏನೆಂದು ಬೈಯಲಿ? ನನಗೆ ಮೋಸವಾಗಿತ್ತು. ಯುದ್ಧ ಮುಗಿದು ಒಂದು ವರ್ಷವಾಗಿತ್ತು, ನನಗೊಬ್ಬಳಿಗೆ ಯಾರೂ ತಿಳಿಸಿರಲಿಲ್ಲ.

ಆಮೇಲಿನ ಅಭ್ಯಾಸಗಳಲ್ಲಿ ಆ ಹಾಡುಗಳು ಬೇರೆಯಾಗಿಯೇ ಕಂಡವು. ಯುದ್ಧಕ್ಕೆ ಹೋದ ಅವನು ಒಂದು ಮಾತೂ ಆಡುವುದಿಲ್ಲ ಎಂಬುದನ್ನು ಆಗ ಗಮನಿಸಿದೆ. ಇಡೀ ಹಾಡಿನಲ್ಲಿ ಆಣೆ ಇಡುವವಳು ಅವಳೇ, ಅಳುವವಳು ಅವಳೇ. ಅವನಿಗೆ ಬರಲು ಮನಸ್ಸಿದೆಯೋ ಇಲ್ಲವೋ ಎಂದು ಬರೆದವನಿಗೂ ಚಿಂತೆಯಿಲ್ಲ. ತಮಾಷೆಯ ಹಾಡುಗಳು ಇನ್ನೂ ಕೆಟ್ಟವು. ಅವುಗಳಲ್ಲಿ ಹುಡುಗಿ ಬೇರೆಯವನ ಜೊತೆ ಐಸ್‌ಕ್ರೀಮ್ ತಿಂದರೂ ಊರಿಡೀ ಅವಳ ಮೇಲೆ ಕಣ್ಣು. ಮಗಳು ಒಂದು ತಿಂಗಳ ಹಿಂದೆಯೇ ಇದನ್ನು ಒಂದೇ ವಾಕ್ಯದಲ್ಲಿ ಹೇಳಿದ್ದಳು, ನಾನು ಅವಳ ಬಾಯಿ ಮುಚ್ಚಿಸಿದ್ದೆ.

ಆ ನಾಲ್ಕು ಸಾಲು ನನ್ನ ಕೈಲಾಗುವುದಿಲ್ಲ, ಬದಲಿಗೆ ಕಾಯದೇ ಇರುವ ಹೆಂಗಸಿನ ಹಾಡು ಯಾವುದಾದರೂ ಇದ್ದರೆ ಕೊಡಿ ಎಂದು ಟೀಚರನ್ನು ಕೇಳಿದೆ. ಅವರು ಗಂಡಸರು ಯುದ್ಧಕ್ಕೆ ಹೋದಾಗ ಕಾರ್ಖಾನೆ ಸೇರಿದ ಹುಡುಗಿಯ ಹಾಡೊಂದನ್ನು ಮುಂದಿಟ್ಟರು. ಆಸೆಯಿಂದ ಓದಿದೆ. ಯಂತ್ರದ ಮುಂದೆ ಎಂಟು ಗಂಟೆ ನಿಂತರೂ ಅವಳ ತುಟಿಯ ಬಣ್ಣ ಅಳಿಸಿಲ್ಲವಂತೆ, ಅವಳು ಅಷ್ಟು ದುಡಿಯುವುದು ಅವನು ಬೇಗ ಮನೆಗೆ ಬರಲಿ ಎಂದೇ ಅಂತೆ. ನಾನು ದಿನಾ ಬೆಳಗಾದರೆ ವೆಲ್ಡಿಂಗ್ ನೋಡುವವಳು. ಕೆಲಸ ಚೆನ್ನಾಗಿ ಬಂತೆಂದು ಅವಳಿಗೆ ಒಂದು ಸಲವೂ ಖುಷಿಯಾಗುವುದಿಲ್ಲವೇ ಎಂದು ಕೇಳಿದೆ.

ಟೀಚರ್ ತಮ್ಮ ತಾಯಿಯ ವಿಷಯ ಹೇಳಿದರು. ಅವರ ತಾಯಿ ಆ ಕಾಲದಲ್ಲಿ ಡೆಟ್ರಾಯಿಟ್ ಬಳಿ ಇಂಥದೇ ಕಾರ್ಖಾನೆಯಲ್ಲಿ ಇದ್ದರಂತೆ. ಯುದ್ಧ ಮುಗಿದ ಮೇಲೆ ಕಾರ್ಖಾನೆಯವರು, ಗಂಡಸರು ವಾಪಸ್ ಬಂದರು, ಇನ್ನು ನೀವು ಮನೆಗೆ ಹೋಗಿ ಎಂದರಂತೆ. ಆಮೇಲೆ ರೇಡಿಯೊದಲ್ಲಿ ಆ ಹಾಡು ಬಂದರೆ ತಾಯಿ ಎದ್ದು ಹೋಗಿ ಆರಿಸುತ್ತಿದ್ದರಂತೆ. ಇಷ್ಟು ಹೇಳಿ ಟೀಚರ್, ಕಾರ್ಯಕ್ರಮಕ್ಕೆ ಎರಡು ವಾರವಿದೆ, ಈಗ ಬೇರೆಯವರನ್ನು ಎಲ್ಲಿಂದ ತರಲಿ ಎಂದರು. ನಾನೂ ಬಿಟ್ಟುಕೊಟ್ಟೆ.

ಕಾರ್ಯಕ್ರಮ ಶನಿವಾರ ಮಧ್ಯಾಹ್ನ ಲೈಬ್ರರಿಯ ಸಭಾಂಗಣದಲ್ಲಿ ಇತ್ತು. ಮುಂದಿನ ಸಾಲುಗಳಲ್ಲಿ ಟೋಪಿ ತೊಟ್ಟ ವಯಸ್ಸಾದ ಸೈನಿಕರು, ಮೂರನೇ ಸಾಲಿನಲ್ಲಿ ನನ್ನ ಗಂಡ ಮತ್ತು ಮಗಳು. ಬರಬೇಡಿ ಎಂದು ನಾನು ಹೇಳಿರಲಿಲ್ಲ, ಬನ್ನಿ ಎಂದೂ ಹೇಳಿರಲಿಲ್ಲ. ನನ್ನ ಸರದಿ ಬಂದಾಗ ಒಂದು ಹೆಜ್ಜೆ ಮುಂದೆ ಬಂದು ನಿಂತೆ. ಅಷ್ಟು ಚೆನ್ನಾಗಿ ನಾನು ಯಾವತ್ತೂ ಹಾಡಿರಲಿಲ್ಲ. ಒಂದಕ್ಷರವನ್ನೂ ನಂಬದೆ ಹಾಡಿದೆ, ಜನ ಕಣ್ಣೊರೆಸಿಕೊಂಡರು. ಮೂರನೇ ಸಾಲಿನಲ್ಲಿ ಗಂಡನೂ ಕನ್ನಡಕ ತೆಗೆದು ಒರೆಸಿಕೊಂಡರು. ಮಗಳು ಮಾತ್ರ ನನ್ನನ್ನೇ ನೋಡುತ್ತಿದ್ದಳು.

ಮುಗಿದ ಮೇಲೆ ಊರುಗೋಲು ಹಿಡಿದ ಮುದುಕರೊಬ್ಬರು ನಮ್ಮ ಹತ್ತಿರ ಬಂದರು. ನನ್ನ ಗಂಡನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, ಹೀಗೆ ಹಾಡುವ ಹೆಂಡತಿ ಸಿಗುವುದಕ್ಕೆ ಪುಣ್ಯ ಮಾಡಿರಬೇಕು ಎಂಬರ್ಥದ ಮಾತು ಹೇಳಿದರು. ನನ್ನ ಗಂಡ ತಲೆ ಬಾಗಿಸಿ, “ಥ್ಯಾಂಕ್ ಯೂ, ಸರ್” ಎಂದರು. ಸಂಕೋಚವಿಲ್ಲದೆ, ತಮಗೆ ಸಲ್ಲಬೇಕಾದದ್ದೇ ಎನ್ನುವ ಹಾಗೆ.

ಕಾರು ನಿಲ್ಲಿಸಿದ ಕಡೆಗೆ ಮೂವರೂ ನಡೆದೆವು. ಮಗಳು ನನ್ನ ಕೈಯಿಂದ ಹಾಡಿನ ಪುಸ್ತಕ ತೆಗೆದುಕೊಂಡು ಮುಂದೆ ಹೋದಳು. ಗಂಡ ನನ್ನ ಪಕ್ಕಕ್ಕೆ ಬಂದರು.

“ನಂಗೆ ಬೇಜಾರಾಗಿದೆ ಕಣೆ. ನೀನು ಹೂಂ ಅಂದ್ರೆ ಸೋಮವಾರಾನೇ ಮ್ಯಾನೇಜರ್ ಹತ್ರ ಮಾತಾಡ್ತೀನಿ. ಇಲ್ಲಿಗೆ ವಾಪಸ್ ಹಾಕಿಸ್ಕೋತೀನಿ, ನಿಂಗೆ ಬೇಕಿದ್ರೆ.”

“ಬೇಕಿತ್ತು” ಎಂದೆ. “ಹೋದ ವರ್ಷ.”

ಮಗಳು ಕಾರಿನ ಹಿಂದಿನ ಬಾಗಿಲು ತೆಗೆದು ನಿಂತಿದ್ದಳು. ನಾನು ಮುಂದಿನ ಸೀಟು ಬಿಟ್ಟು ಅವಳ ಪಕ್ಕ ಹೋಗಿ ಕೂತೆ.