ಎರಡು ಜೋರು, ಒಂದು ಮೆಲ್ಲಗೆ

ನಮ್ಮಣ್ಣ ಸಿಟಿ ಬಸ್ಸಿನ ಕಂಡಕ್ಟರ್. ಬಸ್ಸಿನ ಕಂಬಿಗೆ ಖಾಕಿ ಅಂಗಿ ತೊಡಿಸಿದ ಹಾಗಿದ್ದಾನೆ. ವಾರದ ರಜೆಯಲ್ಲಿ ಒಂದು ರಾಕ್ ಬ್ಯಾಂಡಿಗೆ ಡ್ರಮ್ಸ್ ಬಾರಿಸುತ್ತಿದ್ದ. ಅಮ್ಮನ ಪಾಲಿಗೆ ಅದು ಡಬ್ಬ ಬಡಿಯುವ ಕೆಲಸ. ಹಾಗಾಗಿ ಮನೆಯಲ್ಲಿ, ಓಣಿಯಲ್ಲಿ, ಕೊನೆಗೆ ಡಿಪೊದಲ್ಲೂ ಅವನಿಗೆ ಡಬ್ಬಣ್ಣ ಎಂಬ ಹೆಸರೇ ನಿಂತಿತು. ಅದಕ್ಕೆಲ್ಲ ಅವನು ಬೇಜಾರು ಮಾಡಿಕೊಳ್ಳುವವನಲ್ಲ. ಅವನ ಪಾಲಿನ ಬೇಜಾರನ್ನೂ ಸೇರಿಸಿ ನಾನೇ ಮಾಡಿಕೊಳ್ಳಬೇಕು, ತಂಗಿಯಾಗಿ ಹುಟ್ಟಿದ ತಪ್ಪಿಗೆ.

ಬಸ್ ಹೊರಡಲಿ ಎಂದು ಹೇಳಲು ಎಲ್ಲ ಕಂಡಕ್ಟರುಗಳೂ ಬಸ್ಸಿನ ಮೈಗೆ ಎರಡು ಸಲ ತಟ್ಟುತ್ತಾರೆ, ನಿಲ್ಲಲಿ ಎನ್ನಲು ಒಂದು ಸಲ. ಅಣ್ಣ ಹೊರಡಿಸಲು ಮೂರು ಸಲ ತಟ್ಟುತ್ತಿದ್ದ. ಮೊದಲು ಎರಡು ಜೋರಾಗಿ. ಆಮೇಲೆ ಹಿಂಬಾಗಿಲ ಕಡೆ ಕತ್ತು ಹೊರಳಿಸಿ, ಕೊನೆಯವರ ಎರಡನೆಯ ಕಾಲೂ ಮೆಟ್ಟಿಲು ಹತ್ತಿದ್ದು ನೋಡಿಕೊಂಡು, ಒಂದು ಮೆಲ್ಲಗೆ. ದಡ್ ದಡ್, ಬಿಡುವು, ಟಕ್. ಅವನ ಜೊತೆ ಹನ್ನೆರಡು ವರ್ಷದಿಂದ ಅದೇ ರೂಟಿನಲ್ಲಿದ್ದ ಡ್ರೈವರ್ ಮಾಮ ಆ ಟಕ್ ಕೇಳದೆ ಬ್ರೇಕಿನಿಂದ ಕಾಲು ತೆಗೆಯುತ್ತಿರಲಿಲ್ಲ. "ನನಗೆ ಕನ್ನಡಿ ಯಾಕಮ್ಮ, ಇವನ ಕೈ ಇದ್ರೆ ಸಾಕು" ಎನ್ನುತ್ತಿದ್ದರು.

ಬ್ಯಾಂಡಿನ ಹಾಡುಗಳನ್ನೂ ಅಣ್ಣ ಹಾಗೇ ಶುರು ಮಾಡುತ್ತಿದ್ದ. ಎರಡು ಜೋರು ಏಟು ಬಿದ್ದೊಡನೆ ಸಭೆ ಸುಮ್ಮನಾಗುತ್ತಿತ್ತು. ಅವನು ಒಮ್ಮೆ ಎಲ್ಲರ ಮುಖ ನೋಡಿ, ಇನ್ನು ಹೊರಡಬಹುದು ಅನ್ನಿಸಿದ ಮೇಲೆ ಮೆಲ್ಲಗೆ ಒಂದು ಕೊಟ್ಟರೆ ಗಿಟಾರುಗಳು ನುಗ್ಗುತ್ತಿದ್ದವು. ಜನ ಬರುತ್ತಿದ್ದುದೇ ಆ ಟಕ್‌ಗೆ. ಹಾಡುವವನು ಮಾತ್ರ ತನ್ನ ಕೂದಲಿಗೆ ಬರುತ್ತಾರೆಂದು ತಿಳಿದಿದ್ದ. ಅವನಿಗೆ ನಾನಿಟ್ಟ ಹೆಸರು ಜುಟ್ಟು.

ಮೊದಲ ಆಲ್ಬಮ್ ಮಾಡುವುದೆಂದು ನಿರ್ಧಾರವಾದಾಗ ಅಣ್ಣನ ಕಾಲು ನೆಲದ ಮೇಲಿರಲಿಲ್ಲ. "ಬಸ್ಸು ಗುಜರಿಗೆ ಹೋದ್ರೆ ನನ್ನ ಕೈಯೂ ಅದ್ರ ಜೊತೆ ಹೋಯ್ತು. ಇದು ಹಾಗಲ್ಲ ಕಣೆ, ಇದ್ರಲ್ಲಿ ಉಳ್ಕೊಳ್ಳುತ್ತೆ" ಎಂದ. ಸ್ಟುಡಿಯೊ ಇದ್ದದ್ದು ನಮ್ಮ ನಗರದ ಇನ್ನೊಂದು ತುದಿಯಲ್ಲಿ. ಜುಟ್ಟು ಮತ್ತು ಗಿಟಾರಿನವರಿಬ್ಬರು ಬೇರೆ ಊರಿನವರು. ಕೈಯಲ್ಲಿದ್ದದ್ದೆಲ್ಲ ಸ್ಟುಡಿಯೊ ಬಾಡಿಗೆಗೇ ಸರಿಹೋಗುತ್ತಿತ್ತು. ಆದ್ದರಿಂದ ಮೂವರೂ ನಮ್ಮ ಮನೆಗೇ ಬಂದು ಚಾಪೆ ಹಾಸಿದರು. ಇದ್ದ ಒಂದು ಕೋಣೆ ಅವರದಾಯಿತು, ಅಮ್ಮ ಮತ್ತು ನಾನು ಅಡುಗೆಮನೆಗೆ ಬಿದ್ದೆವು. ಅಮ್ಮನ ಮಂಡಿ ನೀರಿನ ಡ್ರಮ್ಮಿಗೆ ಒತ್ತುತ್ತಿತ್ತು. "ಈ ಮನೇಲಿ ಡ್ರಮ್ಮಿನ ಕಾಟ ತಪ್ಪಿದ್ದಲ್ಲ" ಎಂದು ಮಗ್ಗುಲಾಗುತ್ತಿದ್ದಳು.

ಅಗ್ಗವಾಗಿ ನಗರ ತಿರುಗುವುದನ್ನು ನಮ್ಮಣ್ಣನಿಂದ ಕಲಿಯಬೇಕು. ಯಾವ ಸ್ಟಾಪಿನಲ್ಲಿ ಇಳಿದು ನಾಲ್ಕು ಹೆಜ್ಜೆ ಹಾಕಿದರೆ ಟಿಕೆಟ್ ದರ ಒಂದು ಮೆಟ್ಟಿಲು ಇಳಿಯುತ್ತದೆ, ಗಿಟಾರನ್ನು ಮಂಡಿಗಳ ನಡುವೆ ಹಿಡಿದರೆ ಲಗೇಜು ಎನ್ನದ ಕಂಡಕ್ಟರ್ ಯಾರು, ಮಧ್ಯಾಹ್ನ ಯಾವ ಕ್ಯಾಂಟೀನಿನಲ್ಲಿ ಒಂದು ಊಟ ಇಬ್ಬರಿಗಾಗುತ್ತದೆ, ಎಲ್ಲ ಅವನಿಗೆ ಬಾಯಿಪಾಠ. ಬೆಳಿಗ್ಗೆ ಡಿಪೊದಿಂದ ಖಾಲಿ ಹೊರಡುವ ಬಸ್ಸಿನ ಹಿಂದಿನ ಸೀಟಿನಲ್ಲಿ ಡ್ರಮ್ಸ್ ಹೇರಿ, ಮೂವರನ್ನೂ ಕೂರಿಸಿ, ತಾನು ನಿಂತುಕೊಂಡು ಹೋಗುತ್ತಿದ್ದ. ಅವರನ್ನು ಇಳಿಸಿ ತಾನು ಡ್ಯೂಟಿಗೆ ಹೋಗಿ, ಉಳಿದ ಪಾಳಿಯನ್ನು ಇನ್ನೊಬ್ಬರ ಜೊತೆ ಅದಲು ಬದಲು ಮಾಡಿಕೊಂಡು ಮಧ್ಯಾಹ್ನದ ಹೊತ್ತಿಗೆ ಸ್ಟುಡಿಯೊ ಸೇರುತ್ತಿದ್ದ. ಆ ಮೂವರು ಮದುವೆಗಂಡುಗಳ ಹಾಗೆ ಕಿಟಕಿಯಲ್ಲಿ ಮುಖ ಇಟ್ಟುಕೊಂಡು ಊರು ನೋಡುತ್ತಿದ್ದರು.

ಒಂದು ದಿನ ನಾನು ಕೆಲಸ ಮಾಡುವ ಹೊಲಿಗೆ ಅಂಗಡಿಯಿಂದ ಹಾಗೇ ಊಟದ ಡಬ್ಬಿ ಹಿಡಿದು ಸ್ಟುಡಿಯೊಗೆ ಹೋದೆ. ಗಾಜಿನ ಆಚೆ ಅಣ್ಣ ಬೆವರಿನಲ್ಲಿ ತೊಯ್ದು ಬಾರಿಸುತ್ತಿದ್ದ, ಕಣ್ಣು ಮುಚ್ಚಿತ್ತು. ಈಚೆ ರೆಕಾರ್ಡಿಂಗ್ ಮಾಡುವವನು ಮೊಬೈಲಿನಲ್ಲಿ ಆಟ ಆಡುತ್ತಿದ್ದ. ಅಣ್ಣನ ಮುಂದಿದ್ದ ಮೈಕುಗಳ ವೈರು ಎಲ್ಲಿಗೂ ಹೋಗಿರಲಿಲ್ಲ. ಸುರುಳಿ ಸುತ್ತಿ ಸ್ಟ್ಯಾಂಡಿಗೇ ನೇತುಹಾಕಿದ್ದರು.

"ವೈರು ಹಾಕಿಲ್ವಲ್ಲ" ಎಂದೆ.

"ಆಡ್ಕೊಳ್ಳಲಿ ಬಿಡಿ" ಎಂದ ಅವನು ತಲೆ ಎತ್ತದೆ. "ಬೆಳಿಗ್ಗೆನೇ ಬೇರೆ ಒಬ್ಬ ಬಂದು ಬಾರಿಸಿ ಹೋದ. ಇವರಿಗೆ ಕಿವೀಲಿ ತಾಳದ ಟಿಕ್ ಟಿಕ್ ಹಾಕಿಟ್ರೂ ಪ್ರತಿ ಸಲ ಆ ಕೊನೇ ಏಟಿನ ಮುಂಚೆ ನಿಂತ್ಬಿಡ್ತಾರೆ. ಒಂದ್ಸಲ ಉದ್ದ, ಒಂದ್ಸಲ ಗಿಡ್ಡ. ಯಾರಿಗೋ ಕಾಯೋರ ಥರ."

ನಾನು ಜುಟ್ಟಿನ ಕಡೆ ತಿರುಗಿದೆ. ಅವನು ನಾನು ತಂದ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದ.

"ನೀನು ಹೇಳೋಕೆ ಹೋಗ್ಬೇಡ. ನಾವೇ ಹೇಳ್ತೀವಿ" ಎಂದ.

"ಯಾವಾಗ?"

"ಇನ್ನೂ ಎರಡು ಹಾಡು ಬಾಕಿ ಇದೆ."

ಎರಡು ಹಾಡು ಬಾಕಿ ಎಂದರೆ ನಮ್ಮ ಮನೆಯ ಚಾಪೆ ಇನ್ನೂ ಬೇಕು ಎಂದರ್ಥ. ಅಷ್ಟರಲ್ಲಿ ಅಣ್ಣ ಮುಖ ಒರೆಸಿಕೊಳ್ಳುತ್ತ ಹೊರಗೆ ಬಂದ. "ಹೇಗಿತ್ತು?" ಎಂದ. ಜುಟ್ಟು ತುತ್ತು ನುಂಗಿ, "ಬೆಂಕಿ" ಎಂದ. ಮೊಬೈಲಿನವನೂ ತಲೆ ಆಡಿಸಿದ. ಅಣ್ಣನ ಮುಖ ಅರಳಿದ್ದನ್ನು ನೋಡಿ ನನಗೆ ಆ ಡಬ್ಬಿಯನ್ನು ಜುಟ್ಟಿನ ತಲೆಯ ಮೇಲೆ ಕವುಚಬೇಕು ಅನ್ನಿಸಿತು.

ವಾಪಸ್ಸು ಬರುವಾಗ ಬಸ್ಸಿನಲ್ಲೇ ಎಲ್ಲ ಹೇಳಿದೆ. ಅಣ್ಣ ಕಿಟಕಿಯ ಆಚೆ ನೋಡುತ್ತ ಕೇಳಿಸಿಕೊಂಡ. "ನಿನಗೆ ಹೊಟ್ಟೆಕಿಚ್ಚು" ಎಂದ. "ಅಡುಗೆಮನೇಲಿ ಮಲಗಬೇಕಾಯ್ತಲ್ಲ, ಅದಕ್ಕೆ ಹೀಗೆ ಕಥೆ ಕಟ್ತೀಯ." ಜನ್ಮದಲ್ಲಿ ಅವನು ನನಗೆ ಅಂಥ ಮಾತು ಆಡಿದವನಲ್ಲ. ಆಲ್ಬಮ್ ಬರುವವರೆಗೆ ನನ್ನೊಡನೆ ಮಾತು ಬಿಟ್ಟ.

ಬಂದ ದಿನ ಅಮ್ಮನನ್ನೂ ನನ್ನನ್ನೂ ಎದುರಿಗೆ ಕೂರಿಸಿಕೊಂಡು ಫೋನಿನಲ್ಲಿ ಹಾಕಿದ. ದಡ್ ದಡ್, ಬಿಡುವು, ಟಕ್. ಹಾಡನ್ನು ಅಲ್ಲೇ ನಿಲ್ಲಿಸಿ, "ಇದು ಯಾರ ಕೈ, ಹೇಳಮ್ಮ" ಎಂದ.

"ನಿಂದೇ ಕಣೋ. ಈ ಸದ್ದು ಕೇಳೀ ಕೇಳೀ ನನ್ನ ಕಿವಿ ತೂತಾಗಿದೆ" ಎಂದಳು ಅಮ್ಮ.

"ನೀನು ಹೇಳು."

"ನಿಂದೇ" ಎಂದೆ. ಕಳ್ಳರು ಅವನ ಕೈಯನ್ನೇ ಕದ್ದಿದ್ದರು. ಆದರೆ ಆಮೇಲೆ ಕೇಳಿದ ಎಲ್ಲ ಹಾಡಿನಲ್ಲೂ ಆ ಬಿಡುವು ಮಿಷನ್ ಹೊಲಿಗೆಯಂತೆ ಒಂದೇ ಅಳತೆಯದಾಗಿತ್ತು. ಅಣ್ಣ ಓಣಿಯಲ್ಲಿ, ಡಿಪೊದಲ್ಲಿ, ಟೀ ಅಂಗಡಿಯಲ್ಲಿ, ಸಿಕ್ಕವರ ಕಿವಿಗೆಲ್ಲ ಫೋನ್ ಹಿಡಿದ.

ಬಿಡುಗಡೆಯ ಕಾರ್ಯಕ್ರಮಕ್ಕೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಕೋಲುಗಳನ್ನು ಪೇಪರಿನಲ್ಲಿ ಸುತ್ತಿಕೊಂಡು ಹೊರಟ. ನಾನೂ ಹೋದೆ. ಬಾಗಿಲಲ್ಲೇ ಜುಟ್ಟು ಸಿಕ್ಕಿದ.

"ಇವತ್ತು ನೀನು ಗೇಟ್ ನೋಡ್ಕೊ. ಟಿಕೆಟ್ ಹರಿಯೋದು ನಿನಗೆ ರೂಢಿ ಇದೆಯಲ್ಲ."

"ಡ್ರಮ್ಸ್ ಯಾರು?"

"ಆಲ್ಬಮಲ್ಲಿ ಬಾರಿಸಿದೋನೇ."

ಜುಟ್ಟಿಗೆ ಅವಸರವಿತ್ತು, ಒಳಗೆ ಹೋದ. ಅಣ್ಣ ನನ್ನ ಕಡೆ ನೋಡಲಿಲ್ಲ. ಪೇಪರಿನ ಸುರುಳಿಯನ್ನು ಕಂಕುಳಿಗೆ ಸಿಕ್ಕಿಸಿ, ಬಂದವರ ಟಿಕೆಟ್ ತೆಗೆದುಕೊಂಡು ಹರಿಯತೊಡಗಿದ. "ಮುಂದೆ ಹೋಗಿ, ಮುಂದೆ ಜಾಗ ಇದೆ" ಎನ್ನುತ್ತಿದ್ದ. ನಾನು ಅವನ ತೋಳು ಹಿಡಿದು, "ಬಾ ಮನೆಗೆ ಹೋಗೋಣ, ಈ ನಾಯಿಗಳ ಸಹವಾಸ ಸಾಕು" ಎಂದೆ. "ಇನ್ನೂ ಜನ ಬರ್ತಿದ್ದಾರೆ" ಎಂದ. ಒಳಗೆ ಎರಡು ಜೋರು ಏಟು ಬಿದ್ದವು. ಅವನು ಅಭ್ಯಾಸಬಲದಿಂದ ಕತ್ತು ಹೊರಳಿಸಿ ಬೀದಿಯ ಕಡೆ ನೋಡಿದ. ಒಬ್ಬ ಹೆಂಗಸು ಮಗುವನ್ನೆತ್ತಿಕೊಂಡು ಓಡೋಡಿ ಬರುತ್ತಿದ್ದಳು. ಅವಳು ಮೆಟ್ಟಿಲು ತಲುಪುವ ಮೊದಲೇ ಒಳಗಿನ ಟಕ್ ಕೇಳಿಸಿತು.

ಕಾರ್ಯಕ್ರಮ ಮುಗಿದ ಮೇಲೆ ತಮ್ಮೂರಿಗೆ ಬಸ್ಸಿಲ್ಲ ಎಂದು ಆ ಮೂವರೂ ನಮ್ಮ ಮನೆಗೇ ಬಂದು ಮಲಗಿದರು. ಚಾಪೆ ಹಾಸಿದವನು ಅಣ್ಣನೇ. ನನಗೆ ಅವನ ಮೇಲೆ ಬಂದಷ್ಟು ಸಿಟ್ಟು ಅವರ ಮೇಲೂ ಬರಲಿಲ್ಲ.

ಆಲ್ಬಮ್ ಗೆದ್ದಿತು. ಆ ಹೊಡೆತ ಕಾಲೇಜು ಹುಡುಗರ ಕೈಗೆ ಹತ್ತಿ, ಡೆಸ್ಕು, ಗೋಡೆ, ಸೀಟಿನ ಬೆನ್ನು ಒಂದನ್ನೂ ಬಿಡಲಿಲ್ಲ. ಅಣ್ಣ ಅವರಿಗೂ ಟಿಕೆಟ್ ಕೊಡುತ್ತಿದ್ದ. ಡ್ರಮ್ಸನ್ನು ಬಟ್ಟೆ ಮುಚ್ಚಿ ಮೂಲೆಗೆ ತಳ್ಳಿದ್ದ. ಬಸ್ಸಿಗೆ ತಟ್ಟುವುದೊಂದನ್ನು ಮಾತ್ರ ಮೊದಲಿನಂತೆಯೇ ಉಳಿಸಿಕೊಂಡಿದ್ದ.

ಹೋದ ವಾರ ನಾನು ಅಂಗಡಿಗೆ ಅವನ ಬಸ್ಸಿನಲ್ಲೇ ಹೊರಟಿದ್ದೆ. ಮಾರ್ಕೆಟ್ ಸ್ಟಾಪಿನಲ್ಲಿ ಒಬ್ಬ ಮುದುಕಿ ದೊಡ್ಡ ಗಂಟು ಹೊತ್ತು ನಿಂತಿದ್ದಳು. ಅಣ್ಣ ಕೆಳಗಿಳಿದು, ಗಂಟನ್ನು ತನ್ನ ಹೆಗಲಿಗೆ ಹಾಕಿಕೊಂಡು, ಅವಳ ಮೊಣಕೈ ಹಿಡಿದ. ಹಿಂಬಾಗಿಲಲ್ಲಿ ನೇತಾಡುತ್ತಿದ್ದ ಹುಡುಗನೊಬ್ಬ ಕಿವಿಯಲ್ಲಿ ಹಾಡು ಹಾಕಿಕೊಂಡು ಬಸ್ಸಿನ ಮೈಗೆ ಬಡಿದ. ಎರಡು ಜೋರು, ಅಳತೆಯ ಬಿಡುವು, ಒಂದು ಮೆಲ್ಲಗೆ.

ಬಸ್ ಹೊರಟಿತು. ಮುದುಕಿ ಮೆಟ್ಟಿಲಿಗಿಟ್ಟಿದ್ದ ಕಾಲು ಜಾರಿ ಅಣ್ಣನ ಮೈಮೇಲೆ ಬಿದ್ದಳು, ಗಂಟು ರಸ್ತೆಗೆ ಬಿತ್ತು. ಅವನು ಬಸ್ ನಿಲ್ಲಿಸಲು ಒಂದು ಸಲ ತಟ್ಟಬೇಕೆಂದು ಕೈ ಎತ್ತಿದ್ದು ನನಗೆ ಕಿಟಕಿಯಿಂದ ಕಂಡಿತು. ಬಸ್ಸು ಕೈಗೆ ಸಿಗದಷ್ಟು ಮುಂದೆ ಬಂದಿತ್ತು. ನಾನು ಜನರ ನಡುವೆ ನುಗ್ಗಿ ಮುಂದೆ ಹೋಗಿ, "ಮಾಮ, ನಿಲ್ಸಿ, ಅಣ್ಣ ಕೆಳಗೇ ಉಳ್ಕೊಂಡ" ಎಂದೆ.

"ಸುಮ್ನೆ ಕೂತ್ಕೊಳಮ್ಮ, ಅವನೇ ತಟ್ಟಿದ್ದು. ಹನ್ನೆರಡು ವರ್ಷದಿಂದ ಕೇಳ್ತಿರೋ ಕೈ ನನಗೆ ಗೊತ್ತಾಗಲ್ವಾ" ಎಂದು ಡ್ರೈವರ್ ಮಾಮ ಗೇರ್ ಬದಲಿಸಿದರು.