ಎಡಗೈಯ ಬ್ರೇಕು

ಮುಂದಿನ ಟೈರಿನ ಮೇಲೆ ಹೊಸ ರಬ್ಬರಿನ ಸಣ್ಣ ಕೂದಲುಗಳು ಇನ್ನೂ ಉದುರಿರಲಿಲ್ಲ. ಬೆರಳಾಡಿಸಿದರೆ ಮೆಲ್ಲಗೆ ಚುಚ್ಚುತ್ತಿದ್ದವು. ಆ ಸೈಕಲ್ಲು ಒಮ್ಮೆಯೂ ನೆಲಕ್ಕಿಳಿದಿಲ್ಲ ಎನ್ನಲು ಬೇರೆ ಸಾಕ್ಷಿ ಬೇಕಿರಲಿಲ್ಲ.

ಹೊರದೇಶದಿಂದ ಬಂದ ಯಾರೋ ಅದನ್ನು ಜೊತೆಗೆ ತಂದು, ಓಡಿಸದೆಯೇ ಮಾರಿದ್ದರು. ನಾನು ಓದುವ ಕಾಲದಿಂದ ಹೋಗುತ್ತಿರುವ ಚಿಂತಾಮಣಿಯ ಸೈಕಲ್ ಅಂಗಡಿಗೆ ಅದು ಬಂದು ಸೇರಿತ್ತು. ಇಪ್ಪತ್ತೊಂಬತ್ತು ಇಂಚಿನ ದೊಡ್ಡ ಚಕ್ರ. ಮುಂದೆ ಪೆಟ್ಟು ತಡೆಯುವ ಶಾಕ್ ಉಂಟು, ಹಿಂದೆ ಇಲ್ಲ. ಇಂಥದ್ದನ್ನು ಹಾರ್ಡ್‌ಟೇಲ್ ಎನ್ನುತ್ತಾರೆ. ಕಲ್ಲಿಗೆ ಬಡಿದ ಪೆಟ್ಟೆಲ್ಲ ಹಿಂದಿನ ಚಕ್ರದಿಂದ ನೇರ ಸವಾರರ ಬೆನ್ನಿಗೇ ಬರುತ್ತದೆ.

ಅದನ್ನು ಕೊಳ್ಳಬೇಕೆಂದಿದ್ದವಳು ನಾನು ಪಾಠ ಹೇಳುವ ಕಾಲೇಜಿನ ಹುಡುಗಿ, ಶಿಡ್ಲಘಟ್ಟದವಳು. ಅವಳ ತಾಯಿ ರೇಷ್ಮೆ ನೂಲು ಬಿಚ್ಚುವ ಘಟಕ ನಡೆಸುತ್ತಾರೆ. ಆ ತಾಯಿ ಒಂದೇ ಷರತ್ತು ಹಾಕಿದ್ದರು: ಬಂಡೆಗುಡ್ಡಗಳಲ್ಲಿ ಸೈಕಲ್ ಓಡಿಸುವ ಅಭ್ಯಾಸವಿರುವ ನಾನು ಮೊದಲು ಅದನ್ನು ಬಂಡೆಯ ಮೇಲೆ ಓಡಿಸಿ, ಅಪಾಯವಿಲ್ಲ ಎಂದು ಹೇಳಬೇಕು. ಮಾರನೆಯ ದಿನ ಹತ್ತಕ್ಕೆ ಅವರಿಬ್ಬರೂ ಅಂಗಡಿಗೆ ಬರುವವರಿದ್ದರು.

"ನಿನ್ನ ಮಾತೇ ಗ್ಯಾರಂಟಿ ಕಾರ್ಡು ಕಣಮ್ಮಾ," ಎಂದರು ಅಂಗಡಿಯವರು. ಅರವತ್ತರ ಆಸುಪಾಸಿನವರು, ನಾನು ಅಂಕಲ್ ಎನ್ನುತ್ತೇನೆ. "ಬಂಡೆ ಇಳಿಯಕ್ಕಾಗಲ್ಲ ಅಂದ್ರೆ ಈಗ್ಲೇ ಹೇಳ್ಬಿಡು, ವಾಪಸ್ ತರಕ್ಕೆ ಆಟೋ ಕಳಿಸ್ತೀನಿ."

"ಆಟೋ ಬೇಡ ಅಂಕಲ್," ಎಂದೆ.

ಅಂಗಡಿಯ ಮುಂದೆ ಎರಡೂ ಬ್ರೇಕುಗಳನ್ನು ಒಟ್ಟಿಗೆ ಹಿಡಿದು ನೋಡಿದೆ. ಸೈಕಲ್ಲು ನಿಂತಿತು. ಒಂದೊಂದಾಗಿ ಹಿಡಿದು ನೋಡಲಿಲ್ಲ. ಇದನ್ನು ಬರೆಯುವಾಗಲೂ ನನಗೆ ನಾಚಿಕೆಯಾಗುತ್ತದೆ. ತರಗತಿಯಲ್ಲಿ ಪ್ರಯೋಗಕ್ಕೆ ಮುಂಚೆ ಪ್ರತಿಯೊಂದು ಉಪಕರಣವನ್ನೂ ಬೇರೆಬೇರೆಯಾಗಿ ಪರೀಕ್ಷಿಸಿ ಎಂದು ದಿನವೂ ಹೇಳುವವಳು ನಾನು.

ಕೈವಾರದ ದಾರಿಯಲ್ಲೊಂದು ಬಂಡೆಗುಡ್ಡವಿದೆ. ಸೀತಾಫಲದ ಗಿಡಗಳ ನಡುವೆ ಕುರಿ ನಡೆದು ನಡೆದು ಆದ ಕಾಲುದಾರಿ. ಅಲ್ಲಿಯವರೆಗೆ ಬೇಕಾದಾಗಲೆಲ್ಲ ಎರಡೂ ಬ್ರೇಕುಗಳನ್ನು ಒಟ್ಟಿಗೇ ಹಿಡಿದಿದ್ದೆ. ಹತ್ತುವಾಗ ದೊಡ್ಡ ಚಕ್ರ ಹೊಂಡಗಳನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ. ಗೇಣೆತ್ತರದ ಕಲ್ಲನ್ನೂ ಏರಿತು. ನನ್ನ ಕೈಗೆ ಮಾತ್ರ ಆ ಧೈರ್ಯ ಬರಲಿಲ್ಲ. ಅಂಗೈ ಬೆವರಿ ಹಿಡಿಕೆ ಜಾರುತ್ತಿತ್ತು.

ಮೇಲೆ ಒಂದು ಹಾಸುಬಂಡೆ. ಎರಡು ಮನೆ ಉದ್ದ, ಮಾಳಿಗೆಯ ಮೆಟ್ಟಿಲಿನಷ್ಟು ಇಳಿಜಾರು, ಬುಡದಲ್ಲಿ ಒಡೆದ ಕಲ್ಲುಗಳ ರಾಶಿ. ನನ್ನ ಹಳೆಯ ಸೈಕಲ್ಲಿನಲ್ಲಿ ಹಲವು ಸಲ ಇಳಿದಿದ್ದೇನೆ. ಪ್ರತಿ ಸಲವೂ ಬಾಯಿ ಒಣಗಿದೆ. ಸೀಟಿನಿಂದ ಹಿಂದೆ ಸರಿದು, ಎಡಗೈಯಲ್ಲಿ ಹಿಂದಿನ ಬ್ರೇಕನ್ನು ಹಗುರವಾಗಿ ಹಿಡಿದು ಇಳಿಯುವುದು ನನಗೆ ಗೊತ್ತಿದ್ದ ರೀತಿ. ನಮ್ಮ ಕಡೆಯ ಸೈಕಲ್ಲು, ಸ್ಕೂಟರು ಎಲ್ಲದರಲ್ಲೂ ಬಲಗೈ ಮುಂದಿನ ಚಕ್ರದ್ದು, ಎಡಗೈ ಹಿಂದಿನದು. ಇದು ಕೈಗೆ ಗೊತ್ತು, ಯೋಚಿಸಬೇಕಾಗಿಲ್ಲ.

ಬಂಡೆಯ ನಡುವಿಗೆ ಬಂದಾಗ ವೇಗ ಹೆಚ್ಚಾಯಿತು. ಎಡಗೈ ಒತ್ತಿದೆ. ಮುಂದಿನ ಚಕ್ರ ನಿಂತೇಬಿಟ್ಟಿತು. ಹಿಂದಿನ ಚಕ್ರ ಮೇಲೆದ್ದು ನನ್ನನ್ನು ಮುಂದಕ್ಕೆ ಎತ್ತಿತು. ಒಂದು ಕ್ಷಣ ನನಗೆ ಕೆಳಗಿನ ಕಲ್ಲುರಾಶಿ ಮಾತ್ರ ಕಂಡಿತು, ಅದರಲ್ಲೊಂದು ಕಲ್ಲಿನ ಬಿಳಿ ಅಂಚು ಕೂಡ. ಕೈ ಬಿಟ್ಟೆ. ಚಕ್ರ ಧೊಪ್ಪೆಂದು ಬಂಡೆಗೆ ಬಿತ್ತು, ನಾನು ಪಕ್ಕಕ್ಕೆ ಉರುಳಿದೆ. ಎಡ ಅಂಗೈಯ ಚರ್ಮ ಸುಲಿದಿತ್ತು, ಅಷ್ಟೇ. ಆದರೆ ಎದ್ದು ನಿಲ್ಲಲು ಬಹಳ ಹೊತ್ತು ಬೇಕಾಯಿತು.

ಹೆದರಿ ಏನೋ ತಪ್ಪು ಮಾಡಿದೆ ಎಂದುಕೊಂಡೆ. ಸೈಕಲ್ಲನ್ನು ನಡೆಸಿಕೊಂಡು ಇಳಿಯುವಾಗ ಎಡ ಬ್ರೇಕಿನ ಲಿವರ್ ಒತ್ತಿದೆ. ಮುಂದಿನ ಚಕ್ರ ನಿಂತಿತು, ಹಿಂದಿನದು ತಿರುಗುತ್ತಲೇ ಮೇಲೆದ್ದಿತು. ಅದು ಬಂದ ದೇಶದಲ್ಲಿ ಬ್ರೇಕುಗಳು ನಮ್ಮದಕ್ಕೆ ತಿರುಗುಮುರುಗು.

ಅಂಗಡಿಗೆ ಮರಳಿದಾಗ, "ಹೆಂಗಿದೆಯಮ್ಮಾ?" ಎಂದರು ಅಂಕಲ್.

ಆಗಲೇ ಹೇಳಬೇಕಿತ್ತು. ಹೇಳಿದರೆ ಬಿದ್ದದ್ದನ್ನೂ ಹೇಳಬೇಕು, ಪರೀಕ್ಷಿಸದೆ ಹೋದದ್ದನ್ನೂ. ಅಂಗಡಿಯಲ್ಲಿ ಇನ್ನಿಬ್ಬರು ಗಿರಾಕಿಗಳಿದ್ದರು. "ಚೆನ್ನಾಗಿದೆ," ಎಂದು ಕೈಯನ್ನು ದುಪಟ್ಟಾದಲ್ಲಿ ಸುತ್ತಿಕೊಂಡೆ.

ಸಂಜೆ ಹುಡುಗಿ ಫೋನ್ ಮಾಡಿ ತಾಯಿಯ ಕೈಗೆ ಕೊಟ್ಟಳು. "ಏನಮ್ಮಾ, ಭಯ ಏನಿಲ್ವಲ್ಲಾ? ನಮ್ಗಿರೋದು ಒಂದೇ ಮಗು."

"ಇಲ್ಲಮ್ಮ," ಎಂದೆ.

ಫೋನಿಟ್ಟ ಮೇಲೆ ಆ ಬಿಳಿ ಅಂಚಿನ ಕಲ್ಲು ಕಣ್ಣೆದುರಿನಿಂದ ಹೋಗಲಿಲ್ಲ. ಈಗ ಅದರ ಮೇಲೆ ಬೀಳುತ್ತಿದ್ದವಳು ನಾನಾಗಿರಲಿಲ್ಲ.

ಮಾರನೆಯ ಬೆಳಿಗ್ಗೆ ಅಂಗಡಿಯ ಷಟರ್ ಎತ್ತುವ ಮುಂಚೆಯೇ ಹೋಗಿ ಮೆಟ್ಟಿಲ ಮೇಲೆ ಕುಳಿತೆ. ಅಂಕಲ್ ಬಂದ ಕೂಡಲೇ ಎಲ್ಲ ಹೇಳಿದೆ. ಅವರು ಸೈಕಲ್ಲನ್ನು ತಳ್ಳಿ, ಎಡ ಲಿವರ್ ಒತ್ತಿ ನೋಡಿದರು.

"ಯಾ ಅಲ್ಲಾ! ನಲವತ್ತು ವರ್ಷದಿಂದ ಸೈಕಲ್ ಬಿಚ್ತಿದೀನಿ, ನನ್ಗೂ ಹೊಳೀಲಿಲ್ವಲ್ಲಾ." ಸ್ಪ್ಯಾನರ್ ತೆಗೆದುಕೊಂಡು ಎರಡೂ ಕೇಬಲ್ ಬಿಚ್ಚಿದರು. ಅದಲು ಬದಲು ಮಾಡಿ ಬಿಗಿಯುವವರೆಗೆ ನಾನು ಹ್ಯಾಂಡಲ್ ಹಿಡಿದು ನಿಂತೆ. ಆಮೇಲೆ ದನಿ ತಗ್ಗಿಸಿ ಅಂದರು: "ರಿಪೇರಿ ಆಯ್ತಲ್ಲಾ. ಬಿದ್ದಿದ್ ವಿಷ್ಯ ಅವ್ರಮ್ಮಂಗೆ ಯಾಕಮ್ಮಾ?"

ಹತ್ತಕ್ಕೆ ತಾಯಿ ಮಗಳು ಬಂದಾಗ ಅಂಗೈ ಬಿಚ್ಚಿ ತೋರಿಸಿದೆ. "ನಿನ್ನೆ ಬಿದ್ದೆ. ಸುಳ್ಳು ಹೇಳಿದ್ದೆ," ಎಂದು, ಬ್ರೇಕಿನ ವಿಷಯವನ್ನೂ ಹೇಳಿದೆ.

"ಅಮ್ಮೋ!" ಎಂದರು ತಾಯಿ. ನನ್ನ ಕೈ ಹಿಡಿದು ತಿರುಗಿಸಿ ನೋಡಿದರು. ಹುಡುಗಿ ತಲೆ ತಗ್ಗಿಸಿದಳು. ಇನ್ನು ಸೈಕಲ್ಲಿಲ್ಲ ಎಂದು ಅವಳಿಗೆ ಗೊತ್ತಾಗಿತ್ತು, ನನಗೂ.

"ಈಗ ಸರಿಯಾಯ್ತಾ?" ಎಂದು ತಾಯಿ ಕೇಳಿದರು.

"ಆಗಿದೆ."

"ಹಂಗಾದ್ರೆ ಇಳಿದು ತೋರ್ಸು. ಈ ಸಲ ನಾನೂ ಬರ್ತೀನಿ."

ಅವರಿಬ್ಬರೂ ಆಟೋದಲ್ಲಿ ಹಿಂದೆ ಬಂದರು. ಹಾಸುಬಂಡೆಯ ಮೇಲ್ತುದಿಯಲ್ಲಿ ನಾನು ಇಳಿದು, ಸೈಕಲ್ಲನ್ನು ಕೈಯಲ್ಲೇ ತಳ್ಳಿ ಎಡ ಲಿವರ್ ಒತ್ತಿದೆ. ಹಿಂದಿನ ಚಕ್ರ ನಿಂತಿತು. ಬಲ ಲಿವರ್ ಒತ್ತಿದೆ, ಮುಂದಿನದು. ಮತ್ತೊಮ್ಮೆ ಎಡ. ಕೆಳಗೆ ತಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದರು. ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಂಡೆ. ಬಾಯಿ ಒಣಗಿತ್ತು. ಸೀಟಿನ ಹಿಂದಕ್ಕೆ ಸರಿದು ಚಕ್ರವನ್ನು ಬಂಡೆಗೆ ಬಿಟ್ಟೆ.