ಎರ್ಮಿಂಡಾಳ ನೀರುಗುಂಡಿ

ನಾವೆಲ್‌ಬೂಟಾ ಬೆಟ್ಟಸಾಲಿನಲ್ಲಿ ಗಂಡಸರಿಗೆ ಸಮನಾಗಿ, ತಿನ್ನುವ ಬೀಜಕ್ಕಾಗಿ ಮುಳ್ಳೆಲೆಯ ಪೆವೆನ್ ಮರ ಹತ್ತಿದ ಹೆಂಗಸೆಂದರೆ ಎರ್ಮಿಂಡಾ ಲಿಂಕೊಪಿ ಒಬ್ಬಳೇ. ಮರದ ಅಪ್ಪಣೆ ಕೇಳಿ, ಸೊಂಟಕ್ಕೆ ಹಗ್ಗ ಬಿಗಿದು ಇವಳು ಮೇಲೇರಿದರೆ ಗಂಡ ಸೆಗುಂದೋ ಕೆಳಗೆ ನಿಂತು ಬೀಜ ಆಯುತ್ತಿದ್ದ. ಮೊಣಕಾಲು ಕೈಕೊಟ್ಟ ಮೇಲೆ ಹತ್ತುವುದು ನಿಂತಿತು. ಬಾಯಿ ಮಾತ್ರ ನಿಲ್ಲಲಿಲ್ಲ.

ಆ ವರ್ಷ ಮರಗಳು ಕಾಯಿಯನ್ನೇ ಬಿಡಲಿಲ್ಲ. ಗಿಳಿಗಳೂ ಬೇರೆ ಕಣಿವೆ ನೋಡಿಕೊಂಡವು. ಊರೊಟ್ಟಿನ ಪ್ರಾರ್ಥನೆಯ ದಿನ ಹತ್ತಿರವಾಯಿತು. ಪೆವೆನ್ ಬೀಜ ಬೇಯಿಸಿ, ಅರೆದು, ಹುಳಿಬರಿಸಿದ ಪಾನೀಯವಾದ ಮುದಾಯ್‌ ಅನ್ನು ಮೊದಲು ನೆಲಕ್ಕೆರೆಯಬೇಕು. ಈ ಸಲ ಗೋಧಿಯದೇ ಆಗಲಿ ಎಂದು ಹಿರಿಯರು ಹೇಳಿದರೆ ಎರ್ಮಿಂಡಾ ಒಪ್ಪಲೇ ಇಲ್ಲ. ಹಿಂದಿನ ವರ್ಷದ ಬೀಜ ತೊರೆಯಂಚಿನ ಗುಂಡಿಯಲ್ಲಿ, ಹರಿಯುವ ನೀರಿನಡಿ ಕೆಡದೆ ಕೂತಿದೆ, ತಾನೇ ತರುತ್ತೇನೆ ಎಂದು ಎಲ್ಲರೆದುರು ಮಾತು ಕೊಟ್ಟಳು. ಆ ಗುಂಡಿ ತೋಡಿದವನು ಸೆಗುಂದೋ. ಅದಾದ ಮೇಲಿನ ಚಳಿಗಾಲದಲ್ಲೇ ಅವನು ತೀರಿಕೊಂಡಿದ್ದ.

ಗುದ್ದಲಿ ಹಿಡಿದು ಹೋಗಿ ನೋಡಿದರೆ ತೊರೆ ಪಕ್ಕಕ್ಕೆ ಸರಿದಿತ್ತು, ಗುರುತಿನ ಕಲ್ಲು ಕೊಚ್ಚಿಹೋಗಿತ್ತು. ಬುಟ್ಟಿ ಹೊತ್ತು ಜೊತೆಗೆ ಬಂದಿದ್ದ ನಾದಿನಿ ಕ್ಲೋರಿಂಡಾ ಬಂಡೆಯ ಮೇಲೆ ಆರಾಮಾಗಿ ಕೂತಳು.

“ಅತ್ತಿಗೆ, ಮನೇಗೆ ಹೋಗಿ ಗೋಧಿ ನೆನೆಹಾಕ್ಲಾ?”

“ಹಾಕು. ನಿನ್ನ ಕೋಳಿಗಾಗತ್ತೆ.”

ಅಗೆದಲ್ಲೆಲ್ಲ ಬರಿಯ ಜಲ್ಲಿ ಬಂತು. ಮುದಾಯ್ ಹುಳಿಯಲು ಸಮಯ ಬೇಕು, ಇವತ್ತು ಸಿಗದಿದ್ದರೆ ಮುಗಿಯಿತು. ಎರ್ಮಿಂಡಾಗೆ ನಿಜಕ್ಕೂ ಭಯವಾಯಿತು. ಊರೆದುರು ತಲೆತಗ್ಗಿಸುವುದನ್ನು ಹೇಗೋ ತಡೆದುಕೊಂಡಾಳು, ಸೆಗುಂದೋನ ಕೊನೆಯ ಕೆಲಸ ಹೀಗೆ ನೀರುಪಾಲಾಯಿತಲ್ಲ ಎಂಬುದನ್ನು ತಡೆಯಲಾಗಲಿಲ್ಲ. ಬೆನ್ನು ನೆಟ್ಟಗೆ ಮಾಡಿಕೊಳ್ಳಲು ನಿಂತಾಗ, ತೊರೆ ಬಿಟ್ಟುಹೋದ ಒಣ ಅಂಚಿನಲ್ಲಿ ಮುಳ್ಳುಮುಳ್ಳಾದ ಎಳೆಯ ಪೆವೆನ್ ಸಸಿಗಳು ಕಂಡವು. ಒಂದಕ್ಕೊಂದು ಒತ್ತಿಕೊಂಡು ಮೊಳೆತಿದ್ದವು. ಗಿಳಿ ಬೀಳಿಸಿದ ಬೀಜ ಚೆಲ್ಲಾಪಿಲ್ಲಿಯಾಗಿರುತ್ತದೆ, ಹೀಗೆ ಒಂದೇ ಕಡೆ ಗುಂಪಾಗಿ ಹುಟ್ಟುವುದಿಲ್ಲ.

ಅವಳು ಸಸಿಗಳ ಪಕ್ಕದಲ್ಲೇ, ನೀರಿನ ಕಡೆಗೆ ಅಗೆದಳು. ನೀರು ತಪ್ಪಿದ ಅರ್ಧದ ಬೀಜ ಮೊಳೆತಿತ್ತು, ಗುಂಡಿಯ ಈ ಅರ್ಧಕ್ಕೆ ನೀರು ಹಾಯುತ್ತಲೇ ಇತ್ತು. ಇಲ್ಲಿನ ಬೀಜಗಳು ಹಾಕಿದ ದಿನದಂತೆಯೇ ಗಟ್ಟಿಯಾಗಿ, ಕೆಂಪಗೆ ಇದ್ದವು.

“ನಿಮ್ಮಣ್ಣ ತೋಡಿದ್ದು ಎಲ್ಲಿಗೆ ಹೋಗತ್ತೆ?” ಎಂದು ಎರ್ಮಿಂಡಾ ಹೆಮ್ಮೆಯಿಂದ ಬುಟ್ಟಿ ತುಂಬತೊಡಗಿದಳು.

ಎರ್ಮಿಂಡಾ ತಿರುಗಿ ನೋಡಿದರೆ, ಕ್ಲೋರಿಂಡಾ ಬಂಡೆಯಿಂದಿಳಿದು ಸಸಿಗಳ ಮುಂದೆ ಮೊಣಕಾಲೂರಿದ್ದಳು. ಕಣ್ಣು ತುಂಬಿತ್ತು.

“ಅತ್ತಿಗೆ, ಇದ್ರಲ್ಲಿ ಒಂದು ನಂಗೆ ಕೊಡ್ತೀಯಾ? ನಮ್ಮಂಗಳದಲ್ಲಿ ನೆಡ್ತೀನಿ.”

ಎರ್ಮಿಂಡಾ ಗುದ್ದಲಿಯನ್ನು ಅವಳ ಕೈಗಿತ್ತು, ಬೇರು ಹರಿಯದಂತೆ ಅಗೆಯಲು ಹೇಳಿದಳು.